ನೀರಿನ ಲೆಕ್ಕ, ಅನ್ನದ ಲೆಕ್ಕ: ಬ್ಲ್ಯಾಕ್ ಮೇಸಾ ಕಲಿಸುವ ಪಾಠ

ಕಲ್ಲಿದ್ದಲಿನ ಗಣಿಯೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹೊಗೆ, ಧೂಳು ಮತ್ತು ಉರುಳಿದ ಕಾಡು. ಆದರೆ ಮಳೆ ಕಡಿಮೆಯಿರುವ ನಾಡಿನಲ್ಲಿ ಗಣಿಯು ಎಲ್ಲಕ್ಕಿಂತ ಮೊದಲು ನುಂಗುವುದು ನೀರನ್ನು. ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಭಾಗದಲ್ಲಿರುವ ಬ್ಲ್ಯಾಕ್ ಮೇಸಾ ಎಂಬ ಗುಡ್ಡನಾಡಿನ ಅನುಭವವು ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಕಲ್ಲಿದ್ದಲೇ ಇಲ್ಲದ ಮಲೆನಾಡಿನವರಿಗೆ ಈ ದೂರದೇಶದ ಕಥೆ ಏಕೆ ಎಂದು ಓದುಗರು ಕೇಳಬಹುದು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು 2005ರ ಡಿಸೆಂಬರ್ 31ರಂದು. ಬ್ಲ್ಯಾಕ್ ಮೇಸಾ ಗಣಿಯೂ ನಿಂತದ್ದು ಅದೇ ದಿನ. ಇಲ್ಲಿ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿದ್ದರು. ಅಲ್ಲಿ ಕಲ್ಲಿದ್ದಲನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 440 ಕಿಲೋಮೀಟರ್ ದೂರದ ಮೊಹಾವಿ ಉಷ್ಣವಿದ್ಯುತ್ ಸ್ಥಾವರಕ್ಕೆ ಸಾಗಿಸುತ್ತಿದ್ದರು. ಒಂದು ವ್ಯತ್ಯಾಸವುಂಟು. ಕುದುರೆಮುಖವು ಧಾರಾಕಾರ ಮಳೆ ಸುರಿಯುವ ಸೀಮೆ. ಬ್ಲ್ಯಾಕ್ ಮೇಸಾ ಮಳೆಗಾಗಿ ಪ್ರಾರ್ಥಿಸುವ ಸೀಮೆ.

ಮೇಸಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಮೇಜು. ನೆತ್ತಿ ಚಪ್ಪಟೆಯಾಗಿರುವ ಗುಡ್ಡಗಳಿಗೆ ಆ ಹೆಸರು ಬಂದಿದೆ. ಅದರ ದಕ್ಷಿಣದ ಅಂಚಿನಲ್ಲಿ ಹೋಪಿ ಜನರ ಹಳ್ಳಿಗಳಿವೆ. ನೀರಾವರಿಯ ನೆರವಿಲ್ಲದೆ, ಬೀಜವನ್ನು ನೆಲದಾಳದ ತೇವಕ್ಕೆ ಇಳಿಸಿ ಮೆಕ್ಕೆಜೋಳ ಬೆಳೆಯುವ ವಿದ್ಯೆಯನ್ನು ಅವರು ತಲೆತಲಾಂತರದಿಂದ ಉಳಿಸಿಕೊಂಡು ಬಂದಿದ್ದಾರೆ. ಗುಡ್ಡದ ಬುಡದ ಒರತೆಗಳು ಅವರಿಗೆ ಕುಡಿಯುವ ನೀರೂ ಹೌದು, ದೈವಸ್ಥಾನವೂ ಹೌದು. ಸುತ್ತಲಿನ ನೆಲದಲ್ಲಿ ಕುರಿ ಸಾಕಿ ಬದುಕುವವರು ನವಾಹೊ ಜನ.

1964 ಮತ್ತು 1966ರಲ್ಲಿ ಪೀಬಾಡಿ ಕಂಪನಿಗೆ ಈ ನೆಲ ಗುತ್ತಿಗೆಗೆ ಹೋಯಿತು. 1964ರ ಗುತ್ತಿಗೆಯಲ್ಲಿ ನವಾಹೊಗಳಿಗೆ ದೊರೆಯಬಹುದಾಗಿದ್ದ ರಾಯಧನ ಟನ್ನಿಗೆ ಹೆಚ್ಚೆಂದರೆ 37.5 ಸೆಂಟ್, ಅಂದರೆ ಅರ್ಧ ಡಾಲರಿಗಿಂತಲೂ ಕಡಿಮೆ. ಹೋಪಿಗಳ ಪರವಾಗಿ ಮಾತುಕತೆ ನಡೆಸಿದ ವಕೀಲ ಜಾನ್ ಬಾಯ್ಡನ್ ಅದೇ ಕಾಲದಲ್ಲಿ ಪೀಬಾಡಿಯ ಕೆಲಸವನ್ನೂ ಮಾಡುತ್ತಿದ್ದ ಸಂಗತಿಯನ್ನು ಕಾನೂನು ಪ್ರಾಧ್ಯಾಪಕ ಚಾರ್ಲ್ಸ್ ವಿಲ್ಕಿನ್ಸನ್ ಅವರು ಕಡತಗಳ ಆಧಾರದಿಂದ 1990ರ ದಶಕದಲ್ಲಿ ಹೊರಗೆಡವಿದರು. ಕಕ್ಷಿದಾರರ ಬೆನ್ನ ಹಿಂದೆ ಎದುರಾಳಿಯ ಸಂಬಳ ಪಡೆಯುವವನ ಕೈಯಲ್ಲಿ ಆದ ಕರಾರಿನಲ್ಲಿ ನ್ಯಾಯವನ್ನು ಹುಡುಕುವುದಾದರೂ ಹೇಗೆ?

ಕಲ್ಲಿದ್ದಲಿಗಿಂತ ಅಗ್ಗವಾಗಿ ಹೋದದ್ದು ನೀರು. ಗುಡ್ಡದ ಕೆಳಗಿನ ಮರಳುಗಲ್ಲಿನ ಪದರದಲ್ಲಿ ಹಿಮಯುಗದ ಕಾಲದಿಂದ ಸಂಗ್ರಹವಾದ ನಿರ್ಮಲ ಅಂತರ್ಜಲವಿದೆ. ಕಲ್ಲಿದ್ದಲನ್ನು ಕೊಳವೆಯಲ್ಲಿ ತೇಲಿಸುವ ಒಂದೇ ಕಾರಣಕ್ಕೆ, 1970ರ ದಶಕದ ಆರಂಭದಿಂದ 2005ರವರೆಗೆ, ವರ್ಷಕ್ಕೆ ಸುಮಾರು 4,000 ಎಕರೆ-ಅಡಿ ನೀರನ್ನು ಅಲ್ಲಿಂದ ಎತ್ತಲಾಯಿತು. ಅಂದರೆ ದಿನಕ್ಕೆ ಒಂದೂಕಾಲು ಕೋಟಿ ಲೀಟರಿಗೂ ಹೆಚ್ಚು. ಇತ್ತ ನವಾಹೊ ಮನೆಗಳಲ್ಲಿ ಸುಮಾರು ಮೂರರಲ್ಲೊಂದು ಮನೆಗೆ ಇಂದಿಗೂ ನಲ್ಲಿನೀರಿಲ್ಲ. ದೂರದಿಂದ ಡ್ರಮ್ಮುಗಳಲ್ಲಿ ನೀರು ಹೊತ್ತು ತರುವ ಜನರ ಕಾಲ ಕೆಳಗಿನಿಂದಲೇ ಕುಡಿಯುವ ನೀರು ಕಲ್ಲಿದ್ದಲಿಗೆ ವಾಹನವಾಗಿ ಹರಿದುಹೋಯಿತು.

ಬರವೆಂಬ ಗುರಾಣಿ

ಒರತೆಗಳು ಸೊರಗುತ್ತಿವೆ, ಹಳ್ಳಗಳ ಹರಿವು ಮೊದಲಿನಂತಿಲ್ಲ ಎಂದು ಹಿರಿಯರು ಹೇಳತೊಡಗಿದಾಗ ಬಂದ ಉತ್ತರ ನಮಗೂ ಪರಿಚಿತವಾದದ್ದೇ: ಇದು ಗಣಿಯಿಂದಲ್ಲ, ಬರದಿಂದ. ಅಂತರ್ಜಲದ ಮಟ್ಟ ಕುಸಿದಿದ್ದರೂ ಅದರಿಂದ ಒರತೆಗಳಿಗೆ ಗಣನೀಯ ಹಾನಿಯಿಲ್ಲ ಎಂಬುದು ಕಂಪನಿಯ ವಾದವಾಗಿತ್ತು. ಬರ ಸುಳ್ಳಲ್ಲ. 2000ದಿಂದೀಚೆಗಿನ ಎರಡು ದಶಕಗಳು ಅಮೆರಿಕದ ನೈಋತ್ಯ ಭಾಗದಲ್ಲಿ ಕಳೆದ 1,200 ವರ್ಷಗಳಲ್ಲಿಯೇ ಅತ್ಯಂತ ಒಣ ಕಾಲವೆಂದು ಮರಗಳ ವರ್ಷವಲಯಗಳ ಅಧ್ಯಯನ 2022ರಲ್ಲಿ ತಿಳಿಸಿತು.

ಆದರೆ ಈ ವಾದವನ್ನು ತಿರುಗಿಸಿ ನೋಡಬೇಕು. ಮಳೆ ಕಡಿಮೆಯಾದರೆ ನೆಲಕ್ಕಿಳಿಯುವ ನೀರು ಕಡಿಮೆಯಾಗುತ್ತದೆ. ಆಗ ಎತ್ತುವ ನೀರನ್ನೂ ಕಡಿಮೆ ಮಾಡಬೇಕಾದುದು ಧರ್ಮ. ಆದಾಯ ಇಳಿದ ವರ್ಷವೇ ಗಂಟಿಗೆ ಕೈಹಾಕಿ, ಆಮೇಲೆ ಬಡತನಕ್ಕೆ ಆದಾಯ ಇಳಿದದ್ದೇ ಕಾರಣ ಎನ್ನುವ ಯಜಮಾನನನ್ನು ಯಾವ ಮನೆಯೂ ಒಪ್ಪಲಾರದು. ಬರವು ಗಣಿಯನ್ನು ದೋಷಮುಕ್ತಗೊಳಿಸುವುದಿಲ್ಲ. ಅದರ ಹೊಣೆಯನ್ನು ಹೆಚ್ಚಿಸುತ್ತದೆ.

ಹೋರಾಟ ಗೆದ್ದ ಬಗೆ

ಹೋಪಿ ಬುಡಕಟ್ಟು ಆಡಳಿತದ ಅಧ್ಯಕ್ಷರಾಗಿದ್ದ ವರ್ನನ್ ಮಸಾಯೆಸ್ವ ಅವರು ಬ್ಲ್ಯಾಕ್ ಮೇಸಾ ಟ್ರಸ್ಟ್ ಕಟ್ಟಿ ನೀರಿನ ಪ್ರಶ್ನೆಯನ್ನು ಮುಂದಿಟ್ಟರು. 2001ರಲ್ಲಿ ಹೋಪಿ, ನವಾಹೊ ಯುವಜನರು ಬ್ಲ್ಯಾಕ್ ಮೇಸಾ ವಾಟರ್ ಕೊಯಲಿಶನ್ ಎಂಬ ಸಂಘಟನೆಯನ್ನು ಹುಟ್ಟುಹಾಕಿದರು. ನೆಲದ ವಿಷಯದಲ್ಲಿ ಪರಸ್ಪರ ಕಾದಾಡುತ್ತಿದ್ದ ಎರಡು ಸಮುದಾಯಗಳ ಮಕ್ಕಳು ನೀರಿನ ವಿಷಯದಲ್ಲಿ ಒಂದಾದುದು ಸಣ್ಣ ಸಂಗತಿಯಲ್ಲ. 2003ರಲ್ಲಿ ನವಾಹೊ ಪ್ರತಿನಿಧಿ ಸಭೆಯೇ ಈ ಅಂತರ್ಜಲದ ಬಳಕೆಯನ್ನು 2005ರ ಅಂತ್ಯಕ್ಕೆ ನಿಲ್ಲಿಸಬೇಕೆಂದು ನಿರ್ಣಯಿಸಿತು. ಇನ್ನೊಂದೆಡೆ, ಪರಿಸರ ಸಂಘಟನೆಗಳು ಹೂಡಿದ ದಾವೆಯ ಫಲವಾಗಿ, ಮೊಹಾವಿ ಸ್ಥಾವರವು ಹೊಗೆ ಶುದ್ಧೀಕರಣದ ಯಂತ್ರಗಳನ್ನು 2005ರೊಳಗೆ ಅಳವಡಿಸಬೇಕೆಂದು 1999ರಲ್ಲಿಯೇ ಒಪ್ಪಂದವಾಗಿತ್ತು. ಮಾಲೀಕರು ಯಂತ್ರ ಹಾಕಲಿಲ್ಲ, ಸ್ಥಾವರವನ್ನೇ ಮುಚ್ಚಿದರು. ಕೊಂಡುಕೊಳ್ಳುವವರಿಲ್ಲದೆ ಗಣಿಯೂ ನಿಂತಿತು. ಅದನ್ನು ಒಳಗೊಂಡ ಪರವಾನಗಿಯನ್ನು, ಪರಿಸರ ಪರಿಣಾಮದ ವರದಿ ಸಮರ್ಪಕವಾಗಿಲ್ಲವೆಂದು 2010ರ ಜನವರಿಯಲ್ಲಿ ಆಡಳಿತ ನ್ಯಾಯಾಧೀಶರು ರದ್ದುಗೊಳಿಸಿದರು.

ಅದೇ ಗುಡ್ಡದ ಕಯೆಂಟಾ ಗಣಿ ಮಾತ್ರ 2019ರವರೆಗೂ ನಡೆಯಿತು. ಅಲ್ಲಿನ ಕಲ್ಲಿದ್ದಲಿನಿಂದಾದ ವಿದ್ಯುತ್ತಿನ ಒಂದು ಮುಖ್ಯ ಕೆಲಸವೇನೆಂದರೆ, ಕೊಲೊರಾಡೊ ನದಿಯ ನೀರನ್ನು ಮೇಲೆತ್ತಿ ಫೀನಿಕ್ಸ್, ಟೂಸಾನ್ ನಗರಗಳಿಗೆ ತಲುಪಿಸುವುದು! ಹಳ್ಳಿಯ ನೆಲವನ್ನು ಅಗೆದು ನಗರದ ನಲ್ಲಿಯನ್ನು ತುಂಬಿಸುವ ಈ ಏರ್ಪಾಡು ನಮಗೆ ಹೊಸದೇನಲ್ಲ.

ಮರೆತ ಇನ್ನೊಂದು ಲೆಕ್ಕ

ಇಷ್ಟಕ್ಕೇ ನಿಲ್ಲಿಸಿದರೆ ಇದು ಗೆಲುವಿನ ಕಥೆ. ಆದರೆ ಪರಿಸರವಾದಿಗಳು ಹೇಳಲು ಹಿಂಜರಿಯುವ ಅಧ್ಯಾಯವೊಂದಿದೆ. ಹೋಪಿ ಆಡಳಿತದ ಆದಾಯದ ಬಹುಭಾಗ ಕಲ್ಲಿದ್ದಲಿನಿಂದಲೇ ಬರುತ್ತಿತ್ತು. ಬೇರೆ ಉದ್ಯೋಗಗಳು ತೀರ ವಿರಳವಾದ ಆ ಸೀಮೆಯಲ್ಲಿ ಗಣಿಯ ಸಂಬಳವು ಹಲವು ಕುಟುಂಬಗಳ ಆಧಾರವಾಗಿತ್ತು. 2009ರ ಸೆಪ್ಟೆಂಬರಿನಲ್ಲಿ ಹೋಪಿ ಪ್ರತಿನಿಧಿ ಸಭೆಯು ಪರಿಸರ ಸಂಘಟನೆಗಳಿಗೆ ತಮ್ಮ ನೆಲದಲ್ಲಿ ಸ್ವಾಗತವಿಲ್ಲವೆಂದು ನಿರ್ಣಯ ಸ್ವೀಕರಿಸಿತು. ನವಾಹೊ ಅಧ್ಯಕ್ಷರೂ ಅದನ್ನು ಬೆಂಬಲಿಸಿದರು. ನೀರಿಗಾಗಿ ದುಡಿದವರು ತಮ್ಮ ಊರಿನಲ್ಲಿಯೇ ಅನ್ನ ಕಸಿದವರೆನಿಸಿಕೊಂಡರು.

ಈ ನಿರ್ಣಯವನ್ನು ಕಂಪನಿಯ ಕುತಂತ್ರವೆಂದು ತಳ್ಳಿಹಾಕುವುದು ಸುಲಭ. ಅದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಸಂಬಳ ನಿಂತ ಮನೆಯವರ ಸಿಟ್ಟಿಗೆ ಕಾರಣವಿದೆ. ಕುದುರೆಮುಖದ ಖಾಲಿಯಾದ ವಸತಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಲ್ಯಾಕ್ ಮೇಸಾದ ಯುವಜನರು ಗಣಿ ಮುಚ್ಚುವುದರ ಜೊತೆಗೆ, ಕಾರ್ಮಿಕರಿಗೆ ಬದಲಿ ದುಡಿಮೆ, ಸೌರವಿದ್ಯುತ್, ಕುರಿಯ ಉಣ್ಣೆಯ ವ್ಯಾಪಾರ ಇವುಗಳ ಯೋಜನೆಯನ್ನೂ ಮುಂದಿಟ್ಟರು. ದಾರಿ ಸರಿಯಾಗಿಯೇ ಇತ್ತು. ಆದರೆ ಸರ್ಕಾರವಾಗಲಿ ಕಂಪನಿಯಾಗಲಿ ಅದಕ್ಕೆ ತಕ್ಕ ಹಣವನ್ನು ಮೊದಲೇ ತೆಗೆದಿರಿಸಿರಲಿಲ್ಲ.

ಆದುದರಿಂದ ನಮ್ಮ ಕೊಳ್ಳಗಳಿಗೆ ಯಾವುದೇ ಯೋಜನೆ ಬಂದಾಗ ಎರಡು ಲೆಕ್ಕಗಳು ಊರಿನ ಕೈಯಲ್ಲಿ ಸಿದ್ಧವಿರಬೇಕು. ಮೊದಲನೆಯದು ನೀರಿನ ಲೆಕ್ಕ. ಯೋಜನೆ ಬಂದ ಮೇಲೆ ಅಳೆಯಲು ಹೊರಟರೆ ಹಿಂದಿನ ಸ್ಥಿತಿಗೆ ಸಾಕ್ಷಿಯಿರುವುದಿಲ್ಲ. ಆಗ ಎಲ್ಲ ತಪ್ಪನ್ನೂ ಬರದ ತಲೆಗೆ ಕಟ್ಟಬಹುದು. ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕೆಂದು ಊರಿನ ಒರತೆಯಲ್ಲಿ ತಿಂಗಳಿಗೊಮ್ಮೆ ನೋಡಿ ಬರೆದಿಡಲು ದೊಡ್ಡ ಯಂತ್ರ ಬೇಡ. ವಿದ್ಯಾರ್ಥಿಗಳ ಗಡಿಯಾರ ಮತ್ತು ಒಂದು ನೋಟುಪುಸ್ತಕ ಸಾಕು. ಬಾವಿಯ ಮಟ್ಟ, ಮಳೆಯ ಪ್ರಮಾಣ, ಹಳ್ಳ ಬತ್ತಿದ ದಿನ, ಇವು ಗ್ರಾಮಸಭೆಯ ದಾಖಲೆಯಾಗಲಿ.

ಎರಡನೆಯದು ಅನ್ನದ ಲೆಕ್ಕ. ಬೇಡವೆನ್ನುವಾಗಲೇ ಏನು ಬೇಕೆಂಬುದನ್ನೂ ಹೇಳಬೇಕು. ಯೋಜನೆಯ ಕೂಲಿಯನ್ನು ನೆಚ್ಚಿದ ಮನೆಗಳು ಎಷ್ಟು, ಅವರ ಮುಂದಿನ ದುಡಿಮೆ ಯಾವುದು, ಅದರ ವೆಚ್ಚ ಯಾರದು ಎಂಬ ಪ್ರಶ್ನೆಗಳು ಹೋರಾಟದ ಮೊದಲ ಸಭೆಯಲ್ಲಿಯೇ ಚರ್ಚೆಗೆ ಬರಲಿ.

2024ರ ಫೆಬ್ರವರಿಯಲ್ಲಿ ಬ್ಲ್ಯಾಕ್ ಮೇಸಾದ ಮೇಲೆ ಪಂಪ್ಡ್ ಸ್ಟೋರೇಜ್ ಜಲವಿದ್ಯುತ್ ಯೋಜನೆಗಳಿಗೆ ಕೇಳಿದ್ದ ಪ್ರಾಥಮಿಕ ಅನುಮತಿಯನ್ನು ಅಮೆರಿಕದ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು ನಿರಾಕರಿಸಿತು. ನೆಲದ ಒಡೆಯರಾದ ನವಾಹೊಗಳ ವಿರೋಧವನ್ನೇ ಅದು ಕಾರಣವಾಗಿ ಕೊಟ್ಟಿತು. ಶರಾವತಿ ಕೊಳ್ಳದಲ್ಲಿ ಅದೇ ಬಗೆಯ ಯೋಜನೆಯ ಎದುರು ನಿಂತಿರುವ ನಮಗೆ ಇದು ಗಮನಾರ್ಹ. ಒಪ್ಪಿಗೆಯನ್ನು ಕೇಳದೆ ಮುಂದುವರಿಯಕೂಡದೆಂಬ ಮಾತು ಅಲ್ಲಿ ಒಮ್ಮೆ ಗೆದ್ದಿದೆ. ಇಲ್ಲಿ ಅದು ಗೆಲ್ಲಬೇಕಾದರೆ, ನಮ್ಮ ಎರಡೂ ಲೆಕ್ಕಪುಸ್ತಕಗಳನ್ನು ಈ ಬೇಸಿಗೆಯಲ್ಲಿಯೇ ತೆರೆಯೋಣ.