ಹೆಬ್ಬೆಟ್ಟಿಗೆ ಇನ್ನೊಂದು ಡೇಟು

ಅಲ್ಲಾಳಸಂದ್ರದ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಏಳೂವರೆಗೇ ಬಂದು ನಿಂತಿರುವ ಗಾರೆಯವನ ಎಡಗೈಗೆ ಹೆಬ್ಬೆಟ್ಟಿಲ್ಲ. ಕಂಬಿ ಕತ್ತರಿಸುವ ಮಷೀನು ತಿಂದು ಹಾಕಿದೆ. ಬಲಗೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಆಸ್ಪತ್ರೆ ಚೀಟಿ, ಎಕ್ಸ್‌ರೇ, ನಾಲ್ಕಾಗಿ ಮಡಚಿ ಮಡಚಿ ಹರಿದ ನೋಟೀಸು. ಹೆಬ್ಬಾಳದ ಜಾಮು ದಾಟಿ ಮೆಜೆಸ್ಟಿಕ್, ಅಲ್ಲಿಂದ ಪರಿಹಾರದ ಕೇಸಿಗೆ ಕೋರ್ಟು. ಹನ್ನೊಂದೂವರೆಗೆ ಹೆಸರು ಕೂಗುತ್ತಾರೆ. ಕೆಲಸ ಕೊಟ್ಟ ಕಂಪನಿ ಕಡೆಯ ಜೂನಿಯರ್ ವಕೀಲನೊಬ್ಬ ಎದ್ದು, 'ಸೀನಿಯರ್ ಬೇರೆ ಹಾಲ್‌ನಲ್ಲಿದ್ದಾರೆ, ಟೈಮ್ ಬೇಕು' ಅನ್ನುತ್ತಾನೆ. ಅರ್ಧ ನಿಮಿಷ. ಡೇಟು ಬಿತ್ತು.

ಹೋದ ಸಲ ಜಡ್ಜ್ ಸಾಹೇಬರೇ ರಜೆ. ಸುದ್ದಿ ಹಿಂದಿನ ಸಂಜೆಯೇ ವಕೀಲರ ಮೊಬೈಲುಗಳಿಗೆ ಮುಟ್ಟಿತ್ತು. ಇವನಿಗೆ ಮುಟ್ಟಿದ್ದು ಬಾಗಿಲಿಗೆ ಅಂಟಿಸಿದ ಚೀಟಿಯ ಮೂಲಕ, ಅದನ್ನೂ ಬೇರೆಯವರೇ ಓದಿ ಹೇಳಬೇಕಾಯಿತು.

ಕಾನೂನಿಲ್ಲವೆಂದು ಯಾರು ಹೇಳಿದರು? 1923ರ ಕಾರ್ಮಿಕ ಪರಿಹಾರ ಕಾಯ್ದೆಗೆ 2009ರ ತಿದ್ದುಪಡಿಯಲ್ಲಿ 25ಎ ಕಲಂ ಸೇರಿಸಿ, ಕೇಸನ್ನು 3 ತಿಂಗಳೊಳಗೆ ಮುಗಿಸಬೇಕು ಎಂದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಒಂದು ಪಕ್ಷಕ್ಕೆ 3ಕ್ಕಿಂತ ಹೆಚ್ಚು ವಾಯಿದೆ ಕೊಡಬೇಡಿ, ಕೊಟ್ಟರೆ ಅದರ ಖರ್ಚಿನ ಬಗ್ಗೆಯೂ ಆದೇಶ ಮಾಡಿ ಅನ್ನುತ್ತದೆ. ಪರಿಹಾರದ ಕೇಸಿಗೂ ಅದು ಅನ್ವಯ ಎಂದು ಆ ಕಾಯ್ದೆಯ 1924ರ ನಿಯಮಗಳೇ ಹೇಳಿವೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಬೋರ್ಡು ಬದಲಾಯಿತು, ಬೆಂಚು ಅದೇ.

ಲೆಕ್ಕ ಹಾಕೋಣ ಬನ್ನಿ. ಹೆಬ್ಬೆಟ್ಟು ಹೋದರೆ ಹಳೆಯ ಕಾಯ್ದೆಯ ಪಟ್ಟಿಯಲ್ಲಿ ಶೇ. 30 ನಷ್ಟ. ಗಾರೆಯವನು ತಿಂಗಳಿಗೆ ಇಪ್ಪತ್ತು ಸಾವಿರ ದುಡಿದಿದ್ದರೂ 2020ರಿಂದ ಆ ಕಾಯ್ದೆಯ ಕಣ್ಣಿಗೆ ಅದು 15,000 ಮಾತ್ರ. ಅದರ ಶೇ. 60 ಅಂದರೆ 9,000. ವಯಸ್ಸು 35 ಆಗಿದ್ದರೆ ಗುಣಾಂಕ 197.06. ಗುಣಿಸಿ, ಅದರ ಶೇ. 30 ಲೆಕ್ಕ ಹಾಕಿದರೆ 5,32,062 ರೂಪಾಯಿ. ತಡವಾದರೆ ಧಣಿ ವರ್ಷಕ್ಕೆ ಶೇ. 12 ಬಡ್ಡಿ ಕೊಡಬೇಕು, ಅಂದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಆಸ್ಪತ್ರೆಗೆಂದು ಇವನು ತಂದ ಕೈಸಾಲಕ್ಕೆ ನೂರಕ್ಕೆ ಐದು! ಇನ್ನು ಧಣಿಗೇನು ಅವಸರ? ಒಂದೊಂದು ವಾಯಿದೆಯೂ ಅವನಿಗೆ ಸೋವಿ ಸಾಲ, ಇವನಿಗೆ ಒಂದು ದಿನದ ಕೂಲಿ ಖೋತಾ. ಸಮರ್ಥ ಕಾರಣವಿಲ್ಲದೆ ತಡಮಾಡಿದ್ದಾನೆ ಎಂಬುದು ಸಾಹೇಬರ ಅಭಿಪ್ರಾಯವಾದರೆ ಶೇ. 50ರವರೆಗೆ ದಂಡ ಹಾಕಬೇಕು ಎಂದೂ ಇದೆ. ಈ 'ಅಭಿಪ್ರಾಯ' ಎಂಬ ಪದದ ನೆರಳಲ್ಲಿ ಎಷ್ಟು ಧಣಿಗಳು ತಣ್ಣಗೆ ಕೂತಿದ್ದಾರೋ.

ನಾನು ಕೇಳುವುದು ದೊಡ್ಡದೇನಲ್ಲ. ವಾಯಿದೆ ಬೇಕೆಂದವನು ಅಲ್ಲೇ, ಆ ಹಾಲ್‌ನಲ್ಲೇ, ಎದುರಿಗಿರುವವನ ದಿನಗೂಲಿ, ಬಸ್ ಚಾರ್ಜು ಎಣಿಸಿಕೊಟ್ಟು ಹೋಗಲಿ. ಹಿಯರಿಂಗ್ ರದ್ದಾದರೆ ವಕೀಲರಿಗೆ ಹೋಗುವ ಮೆಸೇಜು ಇವನಿಗೂ ಫೋನಾಗಿ, ಕನ್ನಡದಲ್ಲಿ ಹೋಗಲಿ. ಇವನು ಕೆಲಸಕ್ಕಿದ್ದನೆಂದು ತೋರಿಸುವ ಹಾಜರಿ ಪುಸ್ತಕ ಧಣಿಯ ಬೀರುವಿನಲ್ಲೇ ಇರುವಾಗ ಅದನ್ನು ತರಲು ಏಳು ಡೇಟು ಯಾಕೆ?

ಆದರೆ ಕೇಸು ಗೆಲ್ಲುವುದು ಹಾಲ್‌ನೊಳಗಲ್ಲ, ವರಾಂಡದಲ್ಲಿ. ಎಂಟನೇ ಡೇಟಿನ ದಿನ ಜೂನಿಯರ್ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. 'ಎಷ್ಟು ದಿನ ಅಲೀತೀಯ? ಒಂದು ಲಕ್ಷಕ್ಕೆ ರಾಜಿ ಮಾಡ್ಕೋ.' ಕಾಗದ ಟೈಪಾಗಿ ಸಿದ್ಧವಿತ್ತು. ಸಹಿ ಬರುತ್ತಾ ಎಂದ. ಇವನು ಇಲ್ಲವೆಂದು ತಲೆಯಾಡಿಸಿದ. ಜೂನಿಯರ್ ಇಂಕ್ ಪ್ಯಾಡಿನ ಮುಚ್ಚಳ ತೆಗೆದು, ಮುಖ ನೋಡದೆ, ರೂಢಿಯಂತೆ ಹೇಳಿದ:

'ಎಡಗೈ ಹೆಬ್ಬೆಟ್ಟು.'