ಲಂಟಾನದ ಪೊದೆ, ಸೋಲಿಗರ ತರಗು ಬೆಂಕಿ

ಮಳೆಗಾಲ ಮುಗಿದ ಮೇಲೆ ಬಂಡೀಪುರದ ರಸ್ತೆಯಲ್ಲಿ ಹಾದುಹೋಗುವವರಿಗೆ ಕಾಡು ತುಂಬಿ ತುಳುಕುತ್ತಿರುವಂತೆ ಕಾಣುತ್ತದೆ. ಎರಡೂ ಬದಿಗೆ ಆಳೆತ್ತರದ ಹಸಿರು, ಅದರ ಮೇಲೆ ಹಳದಿ-ಗುಲಾಬಿ ಹೂಗೊಂಚಲು. ಕಾರಿನಲ್ಲಿ ಕುಳಿತವರು ಫೋಟೊ ತೆಗೆದುಕೊಂಡು ಖುಷಿಪಡುತ್ತಾರೆ. ಆದರೆ ಆ ಹಸಿರಿನಲ್ಲಿ ಜಿಂಕೆಗಾಗಲಿ, ಕಾಟಿಗಾಗಲಿ, ಆನೆಗಾಗಲಿ ಹೊಟ್ಟೆ ತುಂಬುವ ಮೇವಿಲ್ಲ. ಅದು ಲಂಟಾನ.

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಂದದ ಗಿಡವೆಂದು ಬಂದದ್ದು ಇದು. ಮೂಲ ಊರು ಅಮೆರಿಕ ಖಂಡದ ಉಷ್ಣವಲಯ. ಅಲ್ಲಿ ಇದರ ಎಲೆ, ಹೂವು, ಬೀಜಗಳನ್ನು ತಿಂದು ಹದ್ದುಬಸ್ತಿನಲ್ಲಿಡುವ ಹತ್ತಾರು ಬಗೆಯ ಹುಳಗಳಿವೆ. ಗಿಡ ಹಡಗು ಹತ್ತಿತು, ಹುಳಗಳು ಅಲ್ಲೇ ಉಳಿದವು. ಇಲ್ಲಿ ಎಲೆ ತಿನ್ನುವವರಿಲ್ಲ, ಹಣ್ಣು ತಿನ್ನುವವರು ಮಾತ್ರ ಬೇಕಾದಷ್ಟಿದ್ದಾರೆ. ಪಿಕಳಾರ, ಮೈನಾಗಳು ಕಪ್ಪು ಹಣ್ಣನ್ನು ನುಂಗಿ, ಕುಳಿತ ಕೊಂಬೆಯ ಕೆಳಗೆಲ್ಲ ಬೀಜ ಬಿತ್ತುತ್ತವೆ. ಎಲೆಯಲ್ಲಿರುವ ಲಂಟಾಡೀನ್ ಎಂಬ ವಿಷ ದನಗಳ ಯಕೃತ್ತನ್ನು ಕೆಡಿಸುತ್ತದೆ. ತಿಂದ ದನದ ಚರ್ಮ ಬಿಸಿಲು ತಾಗಿದೊಡನೆ ಸುಲಿಯತೊಡಗುತ್ತದೆ. ಹಸಿದ ದನವೂ ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಹೀಗೆ ಹುಲ್ಲು ಮೇವಾಗಿ ಮುಗಿಯುತ್ತದೆ, ಲಂಟಾನ ಉಳಿಯುತ್ತದೆ. ಅದರ ನೆರಳಿಗೆ ಮತ್ತೆ ಹುಲ್ಲು ಏಳುವುದಿಲ್ಲ. ದೇಶದ ಹುಲಿ ನೆಲೆಯ ಅರಣ್ಯದಲ್ಲಿ ಸುಮಾರು 1,54,000 ಚದರ ಕಿಲೋಮೀಟರ್, ಅಂದರೆ ಶೇ 40ಕ್ಕೂ ಹೆಚ್ಚು ಭಾಗ, ಲಂಟಾನದ ಪಾಲಾಗಿದೆಯೆಂದು ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಅಂದಾಜು ಮಾಡಿದರು.

ಕರ್ನಾಟಕದ ಮಟ್ಟಿಗೆ ಈ ಕಥೆಯ ಮುಖ್ಯ ಅಧ್ಯಾಯ ನಡೆದಿರುವುದು ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ. ಬೆಂಗಳೂರಿನ ಏಟ್ರಿ ಸಂಸ್ಥೆಯ ಪರಿಸರ ವಿಜ್ಞಾನಿ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು: ಕಾಡಿಗೆ ಬೆಂಕಿ ಬಿದ್ದರೆ ತೆರವಾದ ಜಾಗಕ್ಕೆ ಲಂಟಾನ ನುಗ್ಗುತ್ತದೆ, ಒಣಗಿದ ಲಂಟಾನವೇ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ, ಒಂದು ಇನ್ನೊಂದನ್ನು ಸಾಕುತ್ತ ಚಕ್ರ ತಿರುಗುತ್ತದೆ. ಕೇಳುವುದಕ್ಕೆ ಒಪ್ಪುವ ಮಾತು. ಬೆಂಕಿಯನ್ನು ಪೂರ್ತಿ ತಡೆಯಬೇಕೆನ್ನುವ ಅರಣ್ಯ ಇಲಾಖೆಯ ನೀತಿಗೂ ಇದು ಒಗ್ಗುತ್ತಿತ್ತು.

ಆ ಬೆಟ್ಟದ ಆದಿವಾಸಿಗಳಾದ ಸೋಲಿಗರು ಬೇರೆಯದನ್ನೇ ಹೇಳಿದರು.

ಅವರ ನೆನಪಿನಲ್ಲಿ ಕಾಡಿಗೆ ಬೆಂಕಿ ಇಡುವುದು ಪ್ರತಿವರ್ಷದ ಕೆಲಸ. ಮಾಗಿಯ ಚಳಿ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ ಉದುರಿದ ಎಲೆಗೆ ಕಡ್ಡಿ ಗೀರುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ತರಗು ಬೆಂಕಿ. ತರಗೆಲೆಯನ್ನಷ್ಟೇ ಸುಟ್ಟು ನೆಲದ ಮೇಲೆ ಹರಿದುಹೋಗುವ ಇಂಥ ಬೆಂಕಿ ಮರದ ತುದಿಗೆ ಏರದು. ಆಗ ಎಳೆಯ ಲಂಟಾನದ ಸಸಿ ಸಾಯುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು, ಆ ಚಿಗುರಿಗೆ ಕಡವೆ, ಜಿಂಕೆ, ಕಾಟಿ ಬರುತ್ತಿದ್ದವು. ನೆಲ್ಲಿಮರಕ್ಕೆ ಅಂಟುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಬೇಸಾಯ ನಿಂತಿತು, ತರಗು ಬೆಂಕಿ ಅಪರಾಧವಾಯಿತು. ಲಂಟಾನ ಹಬ್ಬಿದ್ದು ಆಮೇಲೆ ಎನ್ನುವುದು ಹಿರಿಯ ಸೋಲಿಗರ ಮಾತು.

ಲೆಕ್ಕವೂ ಅದನ್ನು ಅಲ್ಲಗಳೆಯಲಿಲ್ಲ. 1997ರಲ್ಲಿ ಬೆಟ್ಟದ 134 ತಾಕುಗಳನ್ನು ಅಳೆದಾಗ ಸುಮಾರು ಶೇ 41ರಷ್ಟು ತಾಕುಗಳಲ್ಲಿ ಲಂಟಾನ ಸಿಕ್ಕಿತ್ತು. 2008ರಲ್ಲಿ ಅದೇ ತಾಕುಗಳಿಗೆ ಮತ್ತೆ ಹೋದಾಗ ಅದು ಶೇ 81ಕ್ಕೆ ಏರಿತ್ತು. ಬೆಂಕಿಯನ್ನು ತಡೆಯುತ್ತಿದ್ದ ಕಾಲದಲ್ಲೇ ಗಿಡ ಎರಡು ಪಟ್ಟು ಹರಡಿತ್ತು. ಹಿರೇಮಠ ಮತ್ತು ಜೊತೆಗಾರರು ಸೋಲಿಗರ ವಿವರಣೆಯನ್ನು ಬದಿಗೆ ಸರಿಸಲಿಲ್ಲ, ತಮ್ಮ ಊಹೆಯನ್ನು ಅದರೆದುರು ಇಟ್ಟು ನೋಡಿದರು, 2012ರಲ್ಲಿ ಅದನ್ನು ಸಂಶೋಧನಾ ಪ್ರಬಂಧವಾಗಿ ಪ್ರಕಟಿಸಿದರು. ತಾವೇ ಕಟ್ಟಿದ ಊಹೆಗೆ ಎದುರಾದ ಮಾತನ್ನು ಹೀಗೆ ಗೌರವದಿಂದ ಬರೆದಿಡುವ ವಿಜ್ಞಾನಿಗಳು ಹೆಚ್ಚು ಸಿಗುವುದಿಲ್ಲ. ಕಾಡಿನ ನೀತಿ ರೂಪಿಸುವವರು ಈ ಪ್ರಬಂಧವನ್ನು ಓದಲೇಬೇಕು.

ಹಾಗಾದರೆ ಲಂಟಾನದ ಎಲೆ ತಿನ್ನುವ ಹುಳವನ್ನೇ ತಂದು ಬಿಟ್ಟರಾಗದೇ? ಈ ದಾರಿ ಕನ್ನಡಿಗರಿಗೆ ಹೊಸದಲ್ಲ. ಕಾಂಗ್ರೆಸ್ ಗಿಡದ ಎಲೆ ತಿನ್ನುವ, ಕೆನೆಬಣ್ಣದ ಮೈಮೇಲೆ ಕಂದು ಗೆರೆಗಳಿರುವ ಪುಟ್ಟ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದ್ದ ಕೆ.ಪಿ. ಜಯಂತ್ ಈ ಕೆಲಸದಲ್ಲಿ ಮುಂದಿದ್ದವರು. ನಾಲ್ಕಾರು ವರ್ಷಗಳಲ್ಲಿ ಜೀರುಂಡೆ ಊರ ಸುತ್ತ ಹಬ್ಬಿತು. ಮಳೆ ಬಿದ್ದಾಗ ಬೀಳುಗಳಲ್ಲಿ ಎಲೆಯೇ ಇಲ್ಲದ ಬೋಳು ಕಾಂಗ್ರೆಸ್ ಗಿಡಗಳು ಕಾಣತೊಡಗಿದವು. ನಡುವೆ ಸೂರ್ಯಕಾಂತಿಯ ಮೇಲೂ ಅದು ಕಂಡಾಗ ರೈತರು ಗಾಬರಿಯಾದರು, ಹುಳ ಬಿಡುವುದನ್ನು ನಿಲ್ಲಿಸಬೇಕಾಯಿತು. ಪಕ್ಕದ ಕಾಂಗ್ರೆಸ್ ಗಿಡದ ಪರಾಗ ಸೂರ್ಯಕಾಂತಿ ಎಲೆಗೆ ಉದುರಿದ್ದರಿಂದ ಹುಳ ಮೋಸಹೋಗಿತ್ತು ಎಂಬುದು ವಿಜ್ಞಾನಿಗಳು ಕಂಡುಕೊಂಡ ಕಾರಣ. ಬೇಸಿಗೆಯಲ್ಲಿ ಜೀರುಂಡೆ ಮಣ್ಣೊಳಗೆ ಮಲಗುತ್ತದೆ, ಆಗ ಗಿಡಕ್ಕೆ ಬಿಡುವು ಸಿಗುತ್ತದೆ. ಹೀಗಾಗಿ ಕಾಂಗ್ರೆಸ್ ಗಿಡ ಅಳಿದಿಲ್ಲ, ಆದರೆ ಅದನ್ನು ತಿನ್ನುವ ಒಂದು ಜೀವ ಇಂದು ನಮ್ಮ ನೆಲದಲ್ಲಿದೆ.

ಲಂಟಾನದ ಮುಂದೆ ಈ ಉಪಾಯ ಅಷ್ಟು ನಡೆಯಲಿಲ್ಲ. ಹವಾಯಿಯಲ್ಲಿ 1902ರಲ್ಲೇ ಇದರ ಹುಳಗಳನ್ನು ಬಿಟ್ಟಿದ್ದರು. ಆ ಬಳಿಕ ಲೋಕದ ಬೇರೆ ಬೇರೆ ಕಡೆ ನಲವತ್ತಕ್ಕಿಂತ ಹೆಚ್ಚು ಬಗೆಯ ಶತ್ರುಜೀವಿಗಳ ಪ್ರಯೋಗವಾಗಿದೆ. ಭಾರತಕ್ಕೆ 1921ರಲ್ಲಿ ಬೀಜ ತಿನ್ನುವ ನೊಣ ಬಂತು, 1941ರಲ್ಲಿ ಎಲೆರಸ ಹೀರುವ ತಿಗಣೆ ಡೆಹ್ರಾಡೂನಿಗೆ ಬಂತು. ಆ ತಿಗಣೆ ತೇಗಕ್ಕೂ ಬಾಯಿ ಹಾಕಬಹುದೆಂಬ ಅಂಜಿಕೆಯಿಂದ ಸಾಕಿದ್ದನ್ನೆಲ್ಲ ನಾಶ ಮಾಡಲಾಯಿತು; ಅಷ್ಟರಲ್ಲಿ ಕೆಲವು ತಪ್ಪಿಸಿಕೊಂಡು ಹೊರಗೆ ಹರಡಿದ್ದವು. ಆದರೂ ಲಂಟಾನ ಬಗ್ಗಲಿಲ್ಲ. ಇದು ತೋಟಗಾರರು ಬೆರಕೆ ಮಾಡಿ ಬೆಳೆಸಿದ ಹತ್ತಾರು ತಳಿಗಳ ಗುಂಪು. ಒಂದು ತಳಿಗೆ ಒಗ್ಗಿದ ಹುಳ ಹಲವು ಸಲ ಇನ್ನೊಂದನ್ನು ಮುಟ್ಟುವುದಿಲ್ಲ.

ಉಳಿದದ್ದು ಕೈಕೆಲಸ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ತಂಡ ಕಾರ್ಬೆಟ್‌ನಲ್ಲಿ ತೋರಿಸಿಕೊಟ್ಟ ವಿಧಾನ ಸರಳವಾಗಿದೆ: ಬುಡವನ್ನು ಮಣ್ಣಿನಿಂದ ಕೆಲವು ಸೆಂಟಿಮೀಟರ್ ಕೆಳಗೆ ಕಡಿದು, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡುವುದು, ಆಮೇಲೆ ಹಕ್ಕಿಗಳು ಕೂರುವ ಮರಗಳ ಕೆಳಗೆ ಏಳುವ ಸಸಿಗಳನ್ನು ಕೀಳುತ್ತಿರುವುದು. ನೆಲಮಟ್ಟಕ್ಕೆ ಕತ್ತರಿಸಿ ಬಿಟ್ಟರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದೇ ಗಿಡದ ಕಡ್ಡಿಯಲ್ಲಿ ಕುರ್ಚಿ, ಮೇಜು ಹೆಣೆಯುತ್ತಾರೆ. ಅವರಿಗೆ ಅದರಿಂದ ಕೂಲಿ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಸಾವಿರಾರು ಚದರ ಕಿಲೋಮೀಟರ್ ಪೊದೆಯನ್ನು ಪೀಠೋಪಕರಣವಾಗಿಸಿ ಮುಗಿಸುತ್ತೇವೆಂದು ನಂಬುವುದು ಜವಾಬ್ದಾರಿಯಿಂದ ಜಾರಿಕೊಂಡಂತೆ.

ಇನ್ನೊಂದು ಅಪಾಯವಿದೆ. ಲಂಟಾನ ಕಿತ್ತ ನೆಲ ಖಾಲಿ ಉಳಿದರೆ ಇನ್ನೊಂದು ಕಳೆ ಬಂದು ಕೂರುತ್ತದೆ. ವಯನಾಡಿನಲ್ಲಿ ಅಲಂಕಾರಕ್ಕೆಂದು ನೆಟ್ಟ, ಮಲಯಾಳಿಗಳು ಮಂಜಕೊನ್ನ ಎನ್ನುವ ಹಳದಿ ಹೂವಿನ ಸೆನ್ನಾ ಮರ ಗಡಿ ದಾಟಿ ನಮ್ಮ ಕಾಡಿಗೂ ಕಾಲಿಟ್ಟಿದೆ. ಅದನ್ನೂ ಜಿಂಕೆ ಮೇಯುವುದಿಲ್ಲ. ಆದ್ದರಿಂದ ಎಷ್ಟು ಹೆಕ್ಟೇರ್ ಕಿತ್ತೆವು ಎಂಬ ವರದಿಗಿಂತ, ಕಿತ್ತ ಜಾಗದಲ್ಲಿ ಎಷ್ಟು ಹುಲ್ಲು ಬಂತು, ಅದನ್ನು ಮೇಯಲು ಯಾವ ಪ್ರಾಣಿ ಬಂತು ಎಂಬ ಎಣಿಕೆ ಮುಖ್ಯ. ಗುತ್ತಿಗೆದಾರನ ಬಿಲ್ಲಿನಲ್ಲಿ ಈ ಎಣಿಕೆ ಇರುವುದಿಲ್ಲ.

ತರಗು ಬೆಂಕಿಯನ್ನು ಎಲ್ಲ ಕಾಡಿನಲ್ಲೂ ನಾಳೆಯೇ ಇಡಬೇಕೆಂದು ಯಾರೂ ಕೇಳುತ್ತಿಲ್ಲ. ಲಂಟಾನ ಆಳೆತ್ತರ ಬೆಳೆದಿರುವ ಕಡೆ ಸಣ್ಣ ಬೆಂಕಿಯೂ ಪೊದೆ ಹತ್ತಿ ಮರಕ್ಕೆ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದ ದಿನಗಳನ್ನು ಆ ಭಾಗದ ಜನ ಮರೆತಿಲ್ಲ. ಮೊದಲು ಬುಡಸಹಿತ ಕೀಳಬೇಕು, ನಂತರ ಸಣ್ಣ ತಾಕುಗಳಲ್ಲಿ, ಸರಿಯಾದ ವಾರದಲ್ಲಿ, ಬಲ್ಲವರ ಕೈಯಿಂದ ಬೆಂಕಿ ಇಡಿಸಬೇಕು. ಬಲ್ಲವರು ಅಲ್ಲೇ ಇದ್ದಾರೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅಲ್ಲಿನ ಸೋಲಿಗ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಗಳೂ ದೊರೆತಿವೆ. ಕಾಡನ್ನು ಕಾಯುವ, ಸಂರಕ್ಷಿಸುವ ಹಕ್ಕು ಆ ಕಾಯ್ದೆಯಲ್ಲೇ ಇದೆ.

ಆದರೂ ಬೆಂಕಿಯ ವಿಷಯ ಬಂದಾಗ ಸೋಲಿಗರನ್ನು ಕರೆಯುವುದು ಅದನ್ನು ಆರಿಸುವ ವಾಚರ್ ಕೆಲಸಕ್ಕೆ ಮಾತ್ರ. ಯಾವಾಗ, ಎಲ್ಲಿ, ಎಷ್ಟು ಸುಡಬೇಕೆಂದು ಅವರನ್ನು ಕೇಳುವ ಪದ್ಧತಿ ಬರಬೇಕು. ಈ ಮಾಗಿ ಕಳೆಯುವ ಮುನ್ನ ಅರಣ್ಯ ಇಲಾಖೆ ಗ್ರಾಮಸಭೆಗಳನ್ನೂ ವಿಜ್ಞಾನಿಗಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಲಂಟಾನ ಕಿತ್ತ ಕೆಲವು ತಾಕುಗಳಲ್ಲಿ ತರಗು ಬೆಂಕಿಯ ಪ್ರಯೋಗಕ್ಕೆ ಅನುಮತಿ ಕೊಡಲಿ.