ಹಂಪಿಗೆ ಹೊರಟ ಕ್ಯಾಮೆರಾಗೆ ಊರಿನಲ್ಲೇ ಪರೀಕ್ಷೆ

ಚನ್ನಪಟ್ಟಣದ ಬಳಿಯ ಹಳ್ಳಿಯಿಂದ ರೇಷ್ಮೆ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಮಗಳು ಒಂಬತ್ತನೇ ತರಗತಿ. ಶಾಲೆಯಿಂದ ಆರು ದಿನಗಳ ಪ್ರವಾಸ: ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ, ಬರುವಾಗ ಜೋಗ. ಮೊಬೈಲು ತರಕೂಡದೆಂದು ಶಾಲೆಯವರ ಕಟ್ಟಪ್ಪಣೆ; ಕ್ಯಾಮೆರಾ ತರಬಹುದಂತೆ. 'ಈ ಸಲದ ಗೂಡಿಗೆ ತಕ್ಕಮಟ್ಟಿಗೆ ಬೆಲೆ ಸಿಕ್ಕಿತು. ಮಗಳು ಇದುವರೆಗೆ ಮೈಸೂರು ದಾಟಿ ಹೋದವಳಲ್ಲ. ಒಂದು ಸಣ್ಣ ಕ್ಯಾಮೆರಾ ಕೊಡಿಸೋಣವೆಂದಿದ್ದೇನೆ. ಪಕ್ಕದ ಮನೆಯ ಹುಡುಗ 48 ಮೆಗಾಪಿಕ್ಸೆಲ್‌ನದೇ ಆಗಬೇಕು ಎನ್ನುತ್ತಾನೆ. ತಾವೇನು ಹೇಳುತ್ತೀರಿ?' ಎಂಬುದು ಅವರ ಪ್ರಶ್ನೆ.

ಉತ್ತರ ಹೇಳುವ ಮುನ್ನ ನನ್ನದೊಂದು ಕಥೆ ಕೇಳಿಬಿಡಿ. ಮಾಗಡಿ ಸೀಮೆಯ ಹಳ್ಳಿಯಿಂದ ನಾನೂ ಇದೇ ವಯಸ್ಸಿನಲ್ಲಿ ಹಂಪಿಗೆ ಹೊರಟವನು. ಸೋದರಮಾವ ಹಿಂದಿನ ರಾತ್ರಿ ತಮ್ಮ ಕ್ಯಾಮೆರಾ ತಂದುಕೊಟ್ಟರು. 36 ಪಟಗಳ ಒಂದು ರೀಲು. ಬೆಳಗಿನ ಜಾವ ಬುಡ್ಡಿ ದೀಪದ ಬೆಳಕಿನಲ್ಲಿ ರೀಲು ಹಾಕಿ ಬಸ್ಸು ಹತ್ತಿದೆ. ಅಜ್ಜಿಯ ಬೇಡಿಕೆ ಒಂದೇ: 'ಕಲ್ಲಿನ ತೇರಂತೆ ಕಣ್ಲಾ, ಅದ್ರದ್ದೊಂದು ಪಟ ತಗಂಬಾ.' ತೇರನ್ನು ನಾಲ್ಕು ದಿಕ್ಕಿನಿಂದಲೂ ತೆಗೆದೆ. ಹಿಂದಿರುಗಿ ಸ್ಟುಡಿಯೋದಲ್ಲಿ ಕೊಟ್ಟರೆ ಅವರು ಕ್ಯಾಮೆರಾ ಬಿಚ್ಚಿ, 'ರೀಲು ಜಾಗ ಬಿಟ್ಟು ಅಲ್ಲಾಡಿಯೇ ಇಲ್ಲವಲ್ಲಪ್ಪ' ಎಂದರು. ರೀಲಿನ ತುದಿ ಬಲಗಡೆಯ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಸನ್ನೆ ಎಳೆದಾಗಲೆಲ್ಲ ಲೆಕ್ಕದ ಅಂಕಿ ಮಾತ್ರ ಒಂದು, ಎರಡು, ಮೂರು ಎಂದು ಮುಂದೆ ಹೋಗುತ್ತಿತ್ತು. ಎಡಗಡೆಯ ಗುಂಡಿ ತಿರುಗುತ್ತಿದೆಯೇ ಎಂದು ನೋಡಿದ್ದರೆ ಮೊದಲ ಪಟಕ್ಕೇ ತಿಳಿಯುತ್ತಿತ್ತು. ಅದನ್ನು ನೋಡಬೇಕೆಂದೇ ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ತೇರನ್ನು ಕೈಸನ್ನೆಯಲ್ಲಿ ತೋರಿಸಿದೆ. 'ಇಷ್ಟೆತ್ತರವಾ?' ಎಂದು ಕೇಳಿ ಸುಮ್ಮನಾದರು. ಅವರು ಹಂಪಿಯನ್ನು ಕೊನೆಗೂ ನೋಡಲಿಲ್ಲ.

ಮಾವನ ಕ್ಯಾಮೆರಾ ಕೆಟ್ಟದ್ದಲ್ಲ. ರಾತ್ರಿ ಕೈಗೆ ಬಂದದ್ದನ್ನು ಬೆಳಿಗ್ಗೆ ಬಸ್ಸಿಗೆ ಹತ್ತಿಸಿದ್ದು ನನ್ನ ತಪ್ಪು. ಆದ್ದರಿಂದ ಸ್ವಾಮಿ, ಯಾವ ಕ್ಯಾಮೆರಾ ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮೊದಲು. ಪ್ರವಾಸಕ್ಕೆ ಒಂದು ತಿಂಗಳಿರುವಾಗಲೇ ಅದು ಮಗಳ ಕೈಯಲ್ಲಿರಬೇಕು.

ಇನ್ನು ಆ 48ರ ವಿಚಾರ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿಗಳು. 8 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ 3264, ಎತ್ತರಕ್ಕೆ 2448 ಚುಕ್ಕಿಗಳಿರುತ್ತವೆ. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿಸಿದರೂ 10 ಇಂಚು ಅಗಲ, 8 ಇಂಚು ಎತ್ತರದ ಪಟ ನಿರಾಯಾಸವಾಗಿ ಬರುತ್ತದೆ. ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಲು ಅಷ್ಟು ಸಾಲದೇ? ಅಗ್ಗದ ಪುಟಾಣಿ ಕ್ಯಾಮೆರಾಗಳ ಪೆಟ್ಟಿಗೆಯ ಮೇಲೆ 48 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಎಷ್ಟೋ ವೇಳೆ ಒಳಗಿನ ಸೆನ್ಸರ್ ಕಾಣುವ ಚುಕ್ಕಿಗಳು ಅದಕ್ಕಿಂತ ಬಹಳ ಕಡಿಮೆ. ಮಿಕ್ಕವನ್ನು ಅಕ್ಕಪಕ್ಕದವನ್ನು ನೋಡಿ ಲೆಕ್ಕ ಹಾಕಿ ತುಂಬಿಸಿರುತ್ತಾರೆ. ಹಾಲಿನ ಅಳತೆ ಹೆಚ್ಚಿಸಲು ನೀರು ಬೆರೆಸಿದಂತೆ.

ನಮ್ಮ ರಾಮನಗರದ ಬಂಡೆಗಳೇ ಇದಕ್ಕೆ ಸಾಕ್ಷಿ. 1975ರಲ್ಲಿ ತೆರೆಗೆ ಬಂದ 'ಶೋಲೆ'ಯನ್ನು 70 ಎಂ.ಎಂ. ಪರದೆಯ ಮೇಲೆ ಕಂಡು ಜನ ಬೆರಗಾದರು. ಆದರೆ ಛಾಯಾಗ್ರಾಹಕ ದ್ವಾರಕಾ ದಿವೇಚಾ ಇಲ್ಲಿ ಚಿತ್ರೀಕರಿಸಿದ್ದು 35 ಎಂ.ಎಂ. ಫಿಲ್ಮಿನಲ್ಲಿ. ಅದನ್ನೇ ಆಮೇಲೆ ದೊಡ್ಡ ಅಳತೆಗೆ ಹಿಗ್ಗಿಸಿದರು. ಮೂಲದಲ್ಲಿ ಬೆಳಕು, ಮಸೂರ, ಕೈ ಮೂರೂ ಸರಿಯಾಗಿದ್ದರೆ ಹಿಗ್ಗಿಸಿದರೂ ಚಿತ್ರ ತಡೆದುಕೊಳ್ಳುತ್ತದೆ.

ಹಾಗಾದರೆ ನೋಡಬೇಕಾದದ್ದೇನು? ಮೊದಲು ಸೆನ್ಸರ್‌ನ ಗಾತ್ರ. ಸಾಮಾನ್ಯ ಪುಟ್ಟ ಕ್ಯಾಮೆರಾಗಳಲ್ಲಿ '1/2.3 ಇಂಚು' ಎಂದು ಬರೆದ ಸೆನ್ಸರ್ ಇರುತ್ತದೆ. ಅದರ ನಿಜವಾದ ಅಳತೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಒಂದು ಕಡಲೆಬೇಳೆಯಷ್ಟು ಎನ್ನಿ. ಮೇಲ್ದರ್ಜೆಯವುಗಳಲ್ಲಿ '1 ಇಂಚು' ಎಂದಿರುತ್ತದೆ, ಅಳೆದರೆ 13.2 ಮಿ.ಮೀ., 8.8 ಮಿ.ಮೀ. (ಹೆಸರಿಗೂ ಅಳತೆಗೂ ಸಂಬಂಧವಿಲ್ಲ, ಬಿಡಿ.) ವಿಸ್ತೀರ್ಣದಲ್ಲಿ ಇದು ಮೊದಲಿನದರ ನಾಲ್ಕು ಪಟ್ಟು. ಮಳೆಯಲ್ಲಿ ಸೂರಿನ ಕೆಳಗೆ ಲೋಟ ಇಟ್ಟರೆಷ್ಟು ನೀರು ಸಿಗುತ್ತದೆ, ಕೊಳಗ ಇಟ್ಟರೆಷ್ಟು? ಬೆಳಕಿನದೂ ಅದೇ ಲೆಕ್ಕ. ಮಸೂರದ ಮೇಲೆ ಬರೆದಿರುವ ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಎಫ್ 2 ಇದ್ದರೆ ಎಫ್ 3.5ಕ್ಕಿಂತ ಲೇಸು. ಬಾದಾಮಿಯ ಗುಹೆಗಳ ಒಳಗೆ ಈ ಎರಡು ಅಂಕಿಗಳೇ ಕೆಲಸಕ್ಕೆ ಬರುವುದು.

ಆದರೆ 1 ಇಂಚಿನ ಸೆನ್ಸರ್ ಇರುವ ಹೊಸ ಕ್ಯಾಮೆರಾ ಸಾಮಾನ್ಯವಾಗಿ ಐವತ್ತು ಸಾವಿರ ರೂಪಾಯಿ ದಾಟುತ್ತದೆ. ಒಂಬತ್ತನೇ ತರಗತಿಯ ಪ್ರವಾಸಕ್ಕೆ ಅಷ್ಟು ಹಣ ಸುರಿಯಿರಿ ಎಂದು ನಾನು ಹೇಳಲಾರೆ. ಅಗ್ಗದ ಹೊಸ ಕ್ಯಾಮೆರಾವೋ, ಮನೆಯಲ್ಲಿರುವ ಮೊಬೈಲಿಗಿಂತ ಉತ್ತಮ ಚಿತ್ರ ಕೊಡುವುದು ಅಪರೂಪ. ಶಾಲೆಯವರು ಮೊಬೈಲಿಗೆ ಒಪ್ಪಿದ್ದರೆ ಈ ಲೇಖನವೇ ಬೇಕಿರಲಿಲ್ಲ! ಅವರ ನಿಯಮವನ್ನು ನಾನು ಆಕ್ಷೇಪಿಸುವುದಿಲ್ಲ. ಹಂಪಿಗೆ ಹೋಗಿ ತಲೆ ತಗ್ಗಿಸಿಕೊಂಡು ಕೂರುವ ಮಕ್ಕಳನ್ನು ನಾನೂ ಕಂಡಿದ್ದೇನೆ.

ಮೂರನೆಯ ದಾರಿಯೊಂದಿದೆ. 2010ರಲ್ಲಿ ಜಪಾನಿನ ಕಂಪನಿಗಳು 10 ಕೋಟಿಗೂ ಹೆಚ್ಚು ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಲೋಕಕ್ಕೆ ಹಂಚಿದವು. 2023ರ ಹೊತ್ತಿಗೆ ಅದು 20 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ಕೋಟಿಗಟ್ಟಲೆ ಕ್ಯಾಮೆರಾಗಳು ಎಲ್ಲಿ ಹೋದವು? ಮದುವೆ, ನಾಮಕರಣ ಮುಗಿಸಿ ಬೀರುಗಳಲ್ಲಿ ಮಲಗಿವೆ. ಬೆಂಗಳೂರಿನಲ್ಲಿರುವ ನೆಂಟರನ್ನೊಮ್ಮೆ ವಿಚಾರಿಸಿ. ಹಬ್ಬಕ್ಕೆ ಬರುವಾಗ ತಂದುಕೊಡಲು ಅವರಿಗೂ ಸಂತೋಷವೇ. ಕೊಳ್ಳುವುದಾದರೂ ಸೆಕೆಂಡ್ ಹ್ಯಾಂಡ್‌ನಲ್ಲಿ ಹೆಸರಾಂತ ಕಂಪನಿಯದನ್ನೇ ನೋಡಿ.

ಹಳೆಯದಕ್ಕೆ ಅದರದೇ ಕಾಯಿಲೆಗಳಿವೆ. ಗುಂಡಿ ಒತ್ತಿದೊಡನೆ ಮಸೂರದ ಕೊಳವೆ ಕರಕರ ಎನ್ನದೆ ಹೊರಬರಬೇಕು. ಬಿಳಿ ಗೋಡೆಯದೊಂದು ಪಟ ತೆಗೆದು ನೋಡಿ. ಎಲ್ಲ ಪಟದಲ್ಲೂ ಒಂದೇ ಜಾಗದಲ್ಲಿ ಕಲೆ ಕಂಡರೆ ಒಳಗೆ ದೂಳು ಸೇರಿದೆ. ಬ್ಯಾಟರಿ ಇಷ್ಟು ವರ್ಷದಲ್ಲಿ ಸೊರಗಿರುತ್ತದೆ, ಹೊಸದು ಹಾಕಿಸಲೇಬೇಕು, ಸಾಧ್ಯವಾದರೆ ಎರಡು. ಪ್ರವಾಸದ ತಂಗುದಾಣದಲ್ಲಿ ಹತ್ತು ಮಕ್ಕಳಿಗೆ ಒಂದೇ ಪ್ಲಗ್ಗು ಇರುತ್ತದೆ. ಕಾರ್ಡಿನ ತೊಂದರೆ ಬಹಳ ಮಂದಿಗೆ ತಿಳಿದಿಲ್ಲ. ಬರೀ 'ಎಸ್‌ಡಿ' ಎಂದು ಬರೆದ ಹಳೆಯ ಕ್ಯಾಮೆರಾ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ. 'ಎಸ್‌ಡಿಎಚ್‌ಸಿ' ಎಂದಿದ್ದರೆ 32 ಜಿಬಿವರೆಗೆ. ಅಂಗಡಿಯವರು ಕೊಟ್ಟ 64 ಜಿಬಿ ಕಾರ್ಡು ಹಾಕಿ 'ಕ್ಯಾಮೆರಾ ಕೆಟ್ಟಿದೆ' ಎಂದು ಎಸೆದವರಿದ್ದಾರೆ. ಹಳೆಯ ಸೋನಿಯಲ್ಲಿ ಮೆಮೊರಿ ಸ್ಟಿಕ್, ಒಲಿಂಪಸ್ ಮತ್ತು ಫ್ಯೂಜಿಯ ಕೆಲವು ಮಾದರಿಗಳಲ್ಲಿ ಎಕ್ಸ್‌ಡಿ ಕಾರ್ಡು ಇರುತ್ತಿತ್ತು. ಕಾರ್ಡು ಜೊತೆಗೇ ಬರದಿದ್ದರೆ ಅವುಗಳ ಸಹವಾಸ ಬೇಡ.

ಕ್ಯಾಮೆರಾ ಬಂತು ಎನ್ನೋಣ. ಈಗ ಪರೀಕ್ಷೆ. ಅದಕ್ಕೆ ನಮ್ಮ ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಬೇಕೇ?

ಚನ್ನಪಟ್ಟಣದ ಗೊಂಬೆ ಮಾಡುವ ಮನೆಯೊಂದಕ್ಕೆ, ಒಪ್ಪಿಗೆ ಕೇಳಿ, ಮಗಳನ್ನು ಕರೆದೊಯ್ಯಿರಿ. ಒಳಗೆ ಅರೆಗತ್ತಲು. ಆಲೆ ಮರದ ತುಂಡು ಲೇತಿನಲ್ಲಿ ಗಿರಗಿರನೆ ಸುತ್ತುತ್ತಿರುತ್ತದೆ; ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅಲ್ಲಿ ಮೊದಲು ಫ್ಲಾಶ್ ಹಾಕಿ ಒಂದು ಪಟ, ಫ್ಲಾಶ್ ಆರಿಸಿ ಇನ್ನೊಂದು. ಮೊದಲನೆಯದರಲ್ಲಿ ಕುಶಲಕರ್ಮಿಯ ಕೈ ಸುಣ್ಣ ಬಳಿದಂತಿದ್ದು ಹಿಂದಿನದೆಲ್ಲ ಕಪ್ಪಾಗಿರುತ್ತದೆ. ಎರಡನೆಯದು ಕೈ ನಡುಗಿ ಕಲಸಿಹೋಗಿರುತ್ತದೆ. ಮೂರನೆಯದಕ್ಕೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬಾಗಿಲ ಚೌಕಟ್ಟಿಗೆ ಒರಗಿ, ಉಸಿರು ಹಿಡಿದು ತೆಗೆಯಲಿ. ಈ ಮೂರನೆಯ ಪಟವೇ ಬಾದಾಮಿಗೆ ಬೇಕಾದ ವಿದ್ಯೆ. ಅಲ್ಲಿನ ಮೂರನೆಯ ಗುಹೆ ಕ್ರಿ.ಶ. 578ರದು, ಪಡಸಾಲೆಯ ತುದಿಯಲ್ಲಿ ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಮುಂದೆ ಆತುರಪಟ್ಟರೆ ಸಿಗುವುದು ಮಸುಕು ಮಾತ್ರ.

ಗುಂಡಿಯನ್ನು ಅರ್ಧ ಒತ್ತಿ ತಡೆಯುವುದನ್ನೂ ಆಗಲೇ ಕಲಿಯಲಿ. ಅರ್ಧ ಒತ್ತಿದಾಗ ಕ್ಯಾಮೆರಾ ದೂರ ಅಳೆದುಕೊಳ್ಳುತ್ತದೆ, ಪರದೆಯಲ್ಲಿ ಹಸಿರು ಚೌಕ ಮೂಡುತ್ತದೆ, ಆಮೇಲೆ ಪೂರ್ತಿ ಒತ್ತಬೇಕು. ತಾವು ಹೇಗೂ ಗೂಡು ಹಾಕಲು ರಾಮನಗರದ ಮಾರುಕಟ್ಟೆಗೆ ಹೋಗುತ್ತೀರಿ. ಒಂದು ರಜಾದಿನ ಜೊತೆಗೆ ಬರಲಿ. ಅಲ್ಲಿ ಯಾರೂ ನಿಂತಲ್ಲಿ ನಿಲ್ಲುವುದಿಲ್ಲ. ನಡೆಯುವ ಜನರನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಜೂಮ್ ಎಷ್ಟಿರಬೇಕೆಂದು ಅರಿಯಲು ರಾಮದೇವರ ಬೆಟ್ಟ ಹತ್ತಿಸಿ. 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿತವಾದ ಜಾಗ ಅದು. ಉದ್ದ ಕೊಕ್ಕಿನ ರಣಹದ್ದು ಬಂಡೆಯ ಮೇಲೆ ಕಂಡರೆ ಅದೃಷ್ಟ. ಮೆಟ್ಟಿಲು ಬಿಟ್ಟು ಅದರತ್ತ ಹೋಗಬಾರದು. ನಿಂತಲ್ಲಿಂದಲೇ ಜೂಮ್ ಒತ್ತಿದಾಗ ಮಸೂರದ ಕೊಳವೆ ಚಲಿಸುವಷ್ಟು ಹೊತ್ತು ಅದು ನಿಜವಾದ ಜೂಮ್. ಕೊಳವೆ ನಿಂತ ಮೇಲೂ ಹಕ್ಕಿ ಹಿಗ್ಗುತ್ತಿದ್ದರೆ ಅದು ಡಿಜಿಟಲ್ ಜೂಮ್. ತೆಗೆದ ಪಟವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ, ಹೊಸದೇನೂ ಕಾಣುವುದಿಲ್ಲ. ಅದನ್ನು ಆರಿಸಿಬಿಡುವುದು ಮೇಲು. ಹಂಪಿಗೆ 5 ಪಟ್ಟು ಜೂಮ್ ಧಾರಾಳ; ವಿರೂಪಾಕ್ಷನ ಒಂಬತ್ತು ಅಂತಸ್ತಿನ ಗೋಪುರದ ಮೇಲಿನ ಗೊಂಬೆಗಳಿಗೆ ಅಷ್ಟು ಸಾಕು. 30 ಪಟ್ಟು, 40 ಪಟ್ಟು ಎಂದು ಅಂಗಡಿಯವರು ಹೇಳಿದರೆ ಮರುಳಾಗಬೇಡಿ.

ಜೂಮ್‌ಗಿಂತ ಹೆಚ್ಚಾಗಿ ಪೇಚಿಗೆ ಸಿಕ್ಕಿಸುವುದು ಅದರ ವಿರುದ್ಧದ ಸಮಸ್ಯೆ. ಗೋಳಗುಮ್ಮಟದ ಒಳಗೆ ನಿಂತರೆ ಎಷ್ಟು ಹಿಂದೆ ಸರಿದರೂ ಗುಮ್ಮಟ ಚೌಕಟ್ಟಿಗೆ ಹಿಡಿಯುವುದಿಲ್ಲ. ಮಸೂರದ ಆರಂಭದ ಅಂಕಿ 24 ಅಥವಾ 28 ಮಿ.ಮೀ. ಇದ್ದರೆ ನೋಟ ಅಗಲ. 35 ಇದ್ದರೆ ಇಕ್ಕಟ್ಟು. ಮಾಗಡಿಯ ಸಾವನದುರ್ಗದ ಬುಡದಲ್ಲಿ ನಿಂತು ಇಡೀ ಬಂಡೆ ಹಿಡಿಯುತ್ತದೆಯೇ ಎಂದು ನೋಡಿ, ತಿಳಿಯುತ್ತದೆ. ಕನಕಪುರದ ಕಡೆಯವರಾದರೆ ಮೇಕೆದಾಟಿಗೆ ಹೋಗಿ ನೊರೆಯ ಬಿಳುಪು, ಬಂಡೆಯ ಕಪ್ಪು ಎರಡೂ ಉಳಿಯುತ್ತವೆಯೇ ಎಂದು ಜೋಗಕ್ಕೆ ಮುಂಚೆ ಪರೀಕ್ಷಿಸಬಹುದು. ಡಿಸೆಂಬರ್‌ನಲ್ಲಿ ಜೋಗದ ನೀರು ಸಣ್ಣಗಾಗಿರುತ್ತದೆಂದು ಮಗಳಿಗೆ ಈಗಲೇ ಹೇಳಿಡಿ.

ಪತ್ರದ ಹಿಂಬದಿಯಲ್ಲಿ ಬೇರೊಂದು ಅಕ್ಷರದಲ್ಲಿ ಒಂದು ಸಾಲಿತ್ತು: 'ಕಳೆದುಹೋದರೆ ಅಪ್ಪ ಬೈತಾರಾ?' ಇದಕ್ಕೆ ಉತ್ತರ ನನ್ನ ಬಳಿ ಇಲ್ಲಮ್ಮ, ಅಪ್ಪನನ್ನೇ ಕೇಳು, ಹೊರಡುವ ಮುಂಚೆಯೇ ಕೇಳು. ಕ್ಯಾಮೆರಾದ ದಾರವನ್ನು ಮುಂಗೈಗೆ ಹಾಕಿಕೊಂಡಿರು. ಬ್ಯಾಟರಿ ಮುಚ್ಚಳದ ಒಳಗೆ ಶಾಲೆಯ ಹೆಸರು ಬರೆದ ಚೀಟಿ ಅಂಟಿಸು. ದೊಡ್ಡದೊಂದರ ಬದಲು ಚಿಕ್ಕವು ಎರಡು ಕಾರ್ಡು ಇಟ್ಟುಕೋ. ಮೊದಲ ಮೂರು ದಿನದ್ದು ತುಂಬಿದ ಮೇಲೆ ಅದನ್ನು ತೆಗೆದು ಟೀಚರ್ ಕೈಗೆ ಕೊಟ್ಟುಬಿಡು. ಕ್ಯಾಮೆರಾ ಹೋದರೂ ಹಂಪಿ ಉಳಿಯುತ್ತದೆ. ಮನೆಗೆ ಬಂದ ವಾರದೊಳಗೆ ಚೆನ್ನಾಗಿ ಬಂದ ಇಪ್ಪತ್ತನ್ನು ಆರಿಸಿ ಅಚ್ಚು ಹಾಕಿಸು. ಕಲ್ಲಿನ ತೇರಿನದು ಒಂದು ಪ್ರತಿ ಹೆಚ್ಚಿಗೆ ಹಾಕಿಸಿ ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸು ಮಗಳೇ.